ರಿವಾಲ್ವರಿನ ಒರೆಗೆ ಬದಲಿ ಅಚ್ಚು

ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವೆಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಒಂದು ಮನೆಗೆ ಇಬ್ಬರು ಯಜಮಾನರಾದಾಗ, ಒಂದು ಕಚೇರಿಗೆ ಇಬ್ಬರು ಅಧಿಕಾರಿಗಳಾದಾಗ ಅದು ನಮ್ಮ ಬಾಯಿಗೆ ಬರುತ್ತದೆ. ಚರ್ಮದ ಕೆಲಸ ಬಲ್ಲವನಿಗಾದರೋ ಅದು ಬರಿಯ ಗಾದೆಯಲ್ಲ, ದಿನದ ಅನುಭವ. ಒಂದು ಆಯುಧದ ಅಳತೆಗೆ ಹೊಲಿದ ಒರೆ ಇನ್ನೊಂದಕ್ಕೆ ಒಗ್ಗುವುದಿಲ್ಲ. ಕತ್ತಿಯ ಒರೆಯಲ್ಲಿ ಬೆರಳಗಲದ ಹೆಚ್ಚುಕಡಿಮೆ ನಡೆದೀತು. ರಿವಾಲ್ವರಿನ ಒರೆಯಲ್ಲಿ ಅಷ್ಟು ನಡೆಯದು. ಒರೆ ಸಡಿಲವಾದರೆ, ತೊಟ್ಟವನು ಬಗ್ಗಿದಾಗ ಆಯುಧ ಜಾರಿ ನೆಲಕ್ಕೆ ಬೀಳುತ್ತದೆ. ಬಿಗಿಯಾದರೆ, ಎಳೆದಾಡುವಾಗ ಬೆರಳು ಹೋಗಬಾರದ ಕಡೆಗೆ ಹೋಗುತ್ತದೆ. ದೋಷಗಳು ಎರಡಾದರೂ ಅಪಾಯ ಒಂದೇ.

ಇಂಥ ಒರೆಯನ್ನು ಮಾಡುವಾಗ ಒದ್ದೆ ಚರ್ಮದೊಳಗಿಟ್ಟು ಅದಕ್ಕೆ ಆಕಾರ ಕೊಡಲು ಒಂದು ಅಚ್ಚು ಬೇಕು. ಜೋಡು ಹೊಲಿಯುವವನಿಗೆ ಪಾದದ ಆಕಾರದ ಮರದ ಅಚ್ಚು ಇದ್ದಂತೆಯೇ ಇದೂ. ಗಿರಾಕಿಯ ಕಾಲನ್ನೇ ಅಂಗಡಿಯಲ್ಲಿ ಇರಿಸಿಕೊಂಡು ಯಾರೂ ಜೋಡು ಹೊಲಿಯುವುದಿಲ್ಲವಷ್ಟೆ! ಹಾಗೆಯೇ ಗಿರಾಕಿಯ ರಿವಾಲ್ವರನ್ನು ಅಂಗಡಿಯಲ್ಲಿ ಇರಿಸಿಕೊಂಡು ಒರೆ ಮಾಡಬಾರದು. ಅದರ ಬದಲಿಗೆ ಎಂಥ ಅಚ್ಚನ್ನು ಆರಿಸಬೇಕೆಂಬುದನ್ನು ಇಲ್ಲಿ ನೋಡೋಣ.

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರುಗಳನ್ನು ಬೀರೂರಿನ ರೈಲು ಜಂಕ್ಷನ್ನು ಒಂದಕ್ಕೊಂದು ಹೆಣೆದಿದೆ. ಕಡೂರಿನಿಂದ ಬೀರೂರಿಗೆ ಬಂದರೆ ಒಂದು ಕವಲು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೆ ಹೋಗುತ್ತದೆ. ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನ ಕಡೆಗೆ. ಊರುಗಳು ಹತ್ತಿರವಾದರೂ ನೆಲದ ಗುಣ ಬೇರೆ ಬೇರೆ. ಕಡೂರು ಮಳೆ ಕಡಿಮೆಯಾದ ಬಯಲುಸೀಮೆ. ತರೀಕೆರೆಯ ಪಡುವಣಕ್ಕೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿ, ಭದ್ರೆಯ ಕಾಡು, ಅಡಕೆ ಕಾಫಿಯ ತೋಟಗಳು. ಅಜ್ಜಂಪುರವಾದರೋ ಅಮೃತಮಹಲ್ ದನಗಳ ತಳಿಕೇಂದ್ರದಿಂದ ಹೆಸರಾದ ಊರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ತೋಪಿನ ಗಾಡಿಗಳನ್ನು ಎಳೆದ ಎತ್ತುಗಳು ಆ ತಳಿಯವು. ಎತ್ತಿನ ಹೆಗಲು ನೋಡದೆ ನೊಗ ಹೊರಿಸಿದರೆ ಹೆಗಲು ಹುಣ್ಣಾಗುತ್ತದೆಂಬುದು ಆ ಸೀಮೆಯ ರೈತನಿಗೆ ಹೇಳಿಕೊಡಬೇಕಾದ ಮಾತಲ್ಲ. ನಮ್ಮ ವಿಷಯದ ತಿರುಳೂ ಅದೇ.

ಈ ಕಡೆ ಲೈಸನ್ಸು ಪಡೆದ ಆಯುಧಗಳೆಂದರೆ ಬೆಳೆ ಕಾಯುವ ಉದ್ದನೆಯ ಕೋವಿಗಳೇ ಮುಖ್ಯ. ರಿವಾಲ್ವರು ಅಪರೂಪ. ಅಪರೂಪವಾದುದರಿಂದಲೇ ಅದರ ಒರೆಯ ಕೆಲಸ ಬಂದಾಗ ಚರ್ಮಕಾರನಿಗೆ ಪೇಚಾಟ. ಕೈಯಲ್ಲಿ ಅಚ್ಚಿಲ್ಲ, ಹಿಂದೆ ಮಾಡಿದ ಅಳತೆಯ ಚೀಟಿಯೂ ಇಲ್ಲ. ಆಗ ಗಿರಾಕಿ ಆಡುವ ಮೊದಲ ಮಾತು, “ನನ್ನದನ್ನೇ ಬಿಟ್ಟು ಹೋಗುತ್ತೇನೆ, ನಾಲ್ಕು ದಿನ ಇಟ್ಟುಕೊಳ್ಳಿ” ಎಂದು. ಈ ಸಲಿಗೆಯ ಮಾತಿಗೆ ಒಪ್ಪಬಾರದು. ಏಕೆಂಬುದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯಿದೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ 3ನೆಯ ಸೆಕ್ಷನ್ನಿನ ಪ್ರಕಾರ ಲೈಸನ್ಸು ಇಲ್ಲದವನು ಬಂದೂಕನ್ನಾಗಲಿ ರಿವಾಲ್ವರನ್ನಾಗಲಿ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಲೈಸನ್ಸುದಾರನ ಎದುರಿನಲ್ಲಿ, ಅಥವಾ ಅವನ ಬರವಣಿಗೆಯ ಅಪ್ಪಣೆಯ ಮೇಲೆ, ಇನ್ನೊಬ್ಬನು ಆಯುಧವನ್ನು ಒಯ್ಯಬಹುದೆಂದು ಒಂದು ವಿನಾಯಿತಿಯುಂಟು; ಆದರೆ ಅದು ರಿಪೇರಿಗೆ, ಲೈಸನ್ಸಿನ ನವೀಕರಣಕ್ಕೆ ಅಥವಾ ಲೈಸನ್ಸುದಾರನ ಉಪಯೋಗಕ್ಕೆ ಮಾತ್ರ. ಒರೆ ಹೊಲಿಯಲು ಅಂಗಡಿಯಲ್ಲಿ ನಾಲ್ಕು ರಾತ್ರಿ ಇರಿಸಿಕೊಳ್ಳುವುದಕ್ಕೆ ಆ ವಿನಾಯಿತಿಯನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ. ನಾಳೆ ತಕರಾರು ಬಂದರೆ ಲೈಸನ್ಸುದಾರನ ಲೈಸನ್ಸಿಗೂ ಕುತ್ತು, ಚರ್ಮಕಾರನ ಬದುಕಿಗೂ ಕುತ್ತು. ಚುನಾವಣೆಯ ಕಾಲದಲ್ಲಂತೂ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂದು ಆಜ್ಞೆ ಬರುವುದುಂಟು. ಆಗ ಆಯುಧವನ್ನೇ ನಂಬಿಕೊಂಡ ಕೆಲಸ ವಾರಗಟ್ಟಲೆ ನಿಂತುಹೋಗುತ್ತದೆ.

ಎರಡನೆಯದು ಜೀವದ ಪ್ರಶ್ನೆ. ನಮ್ಮ ಸಣ್ಣ ಊರುಗಳಲ್ಲಿ ಚರ್ಮಕಾರನ ಅಂಗಡಿ ಎಷ್ಟೋ ವೇಳೆ ಅವನ ಮನೆಯ ಜಗುಲಿಯೇ. ಮಕ್ಕಳು ಅಲ್ಲಿಯೇ ಆಡುತ್ತಾರೆ, ನೆರೆಯವರು ಅಲ್ಲಿಯೇ ಕೂರುತ್ತಾರೆ. ಖಾಲಿಯೆಂದು ತಿಳಿದ ಆಯುಧದಿಂದ ಗುಂಡು ಹಾರಿದ ಸಂಗತಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇವೆ. ಒರೆ ಕಾವಲಿಗಾಗಿ ಇರುವ ವಸ್ತು. ಅದನ್ನು ಮಾಡುವಾಗಲೇ ಅನಾಹುತವಾದರೆ ಆ ಒರೆಯಿಂದ ಏನು ಸಾರ್ಥಕ?

ಮೂರನೆಯದು ನೀರು ಮತ್ತು ಒಗರಿನ ಗುಣ. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ಮಾತು. ಅಚ್ಚಿನ ಮೇಲೆ ಒತ್ತಿ ಆಕಾರ ಕೊಡಲು ಎಲ್ಲ ಚರ್ಮವೂ ಆಗುವುದಿಲ್ಲ. ಮರದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ ಚರ್ಮ ಮಾತ್ರ ಒದ್ದೆಯಾದಾಗ ಮೆತ್ತಗಾಗಿ, ಒಣಗಿದಾಗ ಕೊಟ್ಟ ಆಕಾರವನ್ನು ಹಿಡಿದು ನಿಲ್ಲುತ್ತದೆ. ಕ್ರೋಮಿನಿಂದ ಹದ ಮಾಡಿದ ಚರ್ಮ ಮೆದು, ಬಾಳಿಕೆಯದು. ಆದರೆ ಒತ್ತಿದ ಆಕಾರ ಅದರಲ್ಲಿ ನಿಲ್ಲದು. ಇವನ್ನು ಗುರುತಿಸುವುದು ಸುಲಭ. ಅಂಚನ್ನು ಕೊಯ್ದು ನೋಡಿ. ಒಳಗೂ ಹೊರಗೂ ಕಂದು ಬಣ್ಣವಿದ್ದರೆ ಅದು ಒಗರಿನ ಹದ. ನಡುವೆ ನೀಲಿ ಬೆರೆತ ಬೂದಿ ಬಣ್ಣ ಕಂಡರೆ ಕ್ರೋಮಿನ ಹದ. ಕಡೂರಿನ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿಯ ಚಕ್ಕೆ, ತರೀಕೆರೆಯ ಕಾಡಿನ ಅಳಲೆಕಾಯಿ, ಇವೆರಡೂ ನಮ್ಮ ಹಿರಿಯರು ತೊಗಲು ಹದಮಾಡಲು ಬಳಸಿದ ವಸ್ತುಗಳೇ.

ಈ ಒಗರಿಗೂ ಕಬ್ಬಿಣಕ್ಕೂ ಹಳೆಯ ಹಗೆ. ಹಿಂದಿನವರು ಅಳಲೆಯ ಕಷಾಯಕ್ಕೆ ಅಣ್ಣಭೇದಿ ಬೆರೆಸಿ ಬರೆಯುವ ಶಾಯಿ ಮಾಡುತ್ತಿದ್ದರು. ಅಣ್ಣಭೇದಿಯೆಂದರೆ ಕಬ್ಬಿಣದ ಲವಣ. ಒಗರಿನ ಒದ್ದೆ ಚರ್ಮವನ್ನು ಉಕ್ಕಿನ ರಿವಾಲ್ವರಿನ ಮೇಲೆ ಒತ್ತಿಟ್ಟರೆ ಅದೇ ಶಾಯಿಯ ಕ್ರಿಯೆ ಚರ್ಮದೊಳಗೆ ನಡೆಯುತ್ತದೆ. ಚರ್ಮದ ಮೇಲೆ ಮತ್ತೆ ಹೋಗದ ಕಪ್ಪು ಕಲೆ. ಆಯುಧದ ಮೇಲೆ ತುಕ್ಕು. ಗಿರಾಕಿಯ ಆಯುಧವೂ ಕೆಟ್ಟಿತು, ನಿಮ್ಮ ಒರೆಯೂ ಕೆಟ್ಟಿತು. ಪ್ಲಾಸ್ಟಿಕ್ಕಿನ ತೆಳು ಹಾಳೆ ಸುತ್ತಿ ಇದನ್ನು ತಪ್ಪಿಸುವವರಿದ್ದಾರೆ. ಹಾಳೆ ಎಲ್ಲಿಯಾದರೂ ಚುಚ್ಚಿ ಹರಿದರೆ ಅಲ್ಲಿಗೆ ಆ ಉಪಾಯವೂ ಮುಗಿಯಿತು.

ಈಗ ಬದಲಿ ಅಚ್ಚಿನ ಮಾತು. ಇಲ್ಲಿ ಎಲ್ಲರಿಗೂ ಸಹಜವಾಗಿ ಬರುವ ಭ್ರಮೆಯೊಂದುಂಟು. ಅಚ್ಚು ನೋಡಲು ರಿವಾಲ್ವರಿನಂತೆಯೇ ಇರಬೇಕೆಂದು ನಾವು ಎಣಿಸುತ್ತೇವೆ. ನಿಜವಾಗಿ ಬೇಕಾದುದು ಕಣ್ಣಿಗೆ ಕಾಣುವ ಹೋಲಿಕೆಯಲ್ಲ, ಚರ್ಮ ಮುಟ್ಟುವ ಕಡೆಯ ಅಳತೆ. ಚರ್ಮ ಮುಟ್ಟದ ಕಡೆ ಅಚ್ಚು ಹೇಗಿದ್ದರೂ ಬಾಧಕವಿಲ್ಲ. ಮುಟ್ಟುವ ಕಡೆ ಮಾತ್ರ ಅದು ಸುಳ್ಳು ಹೇಳಬಾರದು. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದುದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಚರ್ಮ ಮುಟ್ಟುವ ಕಡೆಗಳು ಯಾವುವು? ಎಲ್ಲಕ್ಕಿಂತ ಮೊದಲು ಗುಂಡುಗಳು ಕೂರುವ ಉರುಳೆ. ರಿವಾಲ್ವರಿನ ಅತಿ ದಪ್ಪನೆಯ ಭಾಗ ಅದು. ಅಚ್ಚಿನ ಉರುಳೆ ಸಣ್ಣದಾದರೆ ನಿಜವಾದದ್ದು ಒರೆಯೊಳಗೆ ಇಳಿಯುವುದಿಲ್ಲ. ದಪ್ಪವಾದರೆ ಒಳಗೆ ಅಲ್ಲಾಡುತ್ತದೆ. ಎರಡನೆಯದು ಟ್ರಿಗರಿನ ಸುತ್ತ ಇರುವ ಕಾವಲು ಬಳೆಯ ಅಗಲ ಮತ್ತು ಉರುಳೆಯಿಂದ ಅದಕ್ಕಿರುವ ದೂರ. ಒರೆಯಲ್ಲಿಟ್ಟಾಗ ಈ ಬಳೆ ಪೂರ್ತಿ ಮುಚ್ಚಿಹೋಗಬೇಕು, ಯಾವ ಬೆರಳೂ ಒಳಗೆ ಹೋಗಬಾರದು. ಮೂರನೆಯದು ಚೌಕಟ್ಟಿನ ದಪ್ಪ. ನಾಲ್ಕನೆಯದು ನಳಿಗೆಯ ಉದ್ದ ಮತ್ತು ಅದರ ತುದಿಯಲ್ಲಿ ಗುರಿ ನೋಡಲು ಇರುವ ಮೊಳೆಯ ಎತ್ತರ.

ಈ ಅಳತೆಗಳನ್ನು ಗಿರಾಕಿಯ ಎದುರಿನಲ್ಲಿಯೇ, ಅವನ ಕೈಯಿಂದಲೇ ತೆಗೆಸಿಕೊಳ್ಳಿ. ಆಯುಧವನ್ನು ಬಿಚ್ಚಿ ಉರುಳೆಯ ಎಲ್ಲ ಕುಳಿಗಳೂ ಖಾಲಿಯೆಂಬುದನ್ನು ಅವನು ತೋರಿಸಲಿ. ನೀವೂ ಎಣಿಸಿ ನೋಡಿ. ಗುಂಡುಗಳನ್ನು ಆ ಕೋಣೆಗೇ ತರದಿರುವುದು ಮೇಲು. ಬಳಿಕ ದಪ್ಪ ಕಾಗದದ ಮೇಲೆ ಆಯುಧವನ್ನು ಮಲಗಿಸಿ ಪೆನ್ಸಿಲಿನಿಂದ ಹೊರರೇಖೆ ಎಳೆಯಿರಿ. ಪೆನ್ಸಿಲು ನೆಟ್ಟಗೆ ನಿಂತಿರಲಿ. ಓರೆಯಾದರೆ ರೇಖೆ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ದಪ್ಪಗಳನ್ನು ಕ್ಯಾಲಿಪರಿನಿಂದ ಅಳೆದು ಮಿಲಿಮೀಟರಿನಲ್ಲಿ ಅದೇ ಕಾಗದದ ಮೇಲೆ ಬರೆಯಿರಿ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆಯುಧ ಮನೆಗೆ ಹಿಂತಿರುಗುತ್ತದೆ, ಕಾಗದ ನಿಮ್ಮಲ್ಲಿ ಉಳಿಯುತ್ತದೆ.

ಇನ್ನು ಅಚ್ಚಿನ ಆಯ್ಕೆ. ಸಂತೆಯಲ್ಲಿ, ಜಾತ್ರೆಯಲ್ಲಿ ಸಿಕ್ಕುವ ಆಟದ ಪಿಸ್ತೂಲಿನ ಕಡೆಗೆ ಕೈ ಚಾಚುವವರುಂಟು. ಅದು ಮಗುವಿನ ಕೈಗೆಂದು ಮಾಡಿದ್ದು. ಅಳತೆಯಲ್ಲಿ ಕಿರಿದು, ಒಳಗೆ ಟೊಳ್ಳು, ಒತ್ತಿದರೆ ತಗ್ಗುತ್ತದೆ. ಹಕ್ಕಿ ಬೆದರಿಸುವ ಗಾಳಿ ಪಿಸ್ತೂಲಿಗೆ ಉರುಳೆಯೇ ಇರುವುದಿಲ್ಲ. ಇವೆರಡನ್ನೂ ಬಿಡುವುದು ಲೇಸು.

ಪೊಲೀಸರ ತರಬೇತಿಗೆಂದು ಅಮೆರಿಕದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನಿಂದ ಎರಕ ಹೊಯ್ದು ಮಾರುವ ನೀಲಿ ಬಣ್ಣದ ಪ್ರತಿಮೆಗಳಿವೆ. ಒರೆ ಮಾಡುವವರಿಗೆ ಅವು ಬಹಳ ಅನುಕೂಲ. ಆದರೆ ಅವು ಹೆಚ್ಚಾಗಿ ಆ ಕಡೆಯ ಹೆಸರಾಂತ ಮಾದರಿಗಳವು. ನಮ್ಮಲ್ಲಿ ಲೈಸನ್ಸುದಾರರ ಕೈಯಲ್ಲಿ ಕಾಣುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಬೋರಿನ, ಆರು ಗುಂಡಿನ ರಿವಾಲ್ವರು. ಇದು ಬ್ರಿಟಿಷರ ಹಳೆಯ ವೆಬ್ಲಿ ಮಾದರಿಯಿಂದ ಬೆಳೆದದ್ದು. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ನಡುವೆ ಬಾಯ್ದೆರೆಯುತ್ತದೆ. ನಳಿಗೆಯ ಉದ್ದ 3 ಅಂಗುಲ, ಅಂದರೆ 76 ಮಿಲಿಮೀಟರು. ಕಾನ್ಪುರದಿಂದಲೇ 2014ರಲ್ಲಿ ಹೊರಬಂದ ‘ನಿರ್ಭೀಕ್’ ಎಂಬುದು ಹೆಂಗಸರ ರಕ್ಷಣೆಗೆಂದು ಮಾಡಿದ, ಸುಮಾರು 500 ಗ್ರಾಂ ತೂಕದ ಹಗುರ ರಿವಾಲ್ವರು. ಅದೂ .32 ಬೋರೇ. ಬೋರು ಒಂದೆಂದಮಾತ್ರಕ್ಕೆ ಒಂದರ ಅಚ್ಚು ಇನ್ನೊಂದಕ್ಕೆ ಆಗುತ್ತದೆಂದು ಊಹಿಸಬಾರದು. ಬೋರು ನಳಿಗೆಯ ಒಳಗಿನ ಮಾತು. ಒರೆಗೆ ಬೇಕಾದುದು ಹೊರಗಿನ ಮೈ.

ಹಾಗಾದರೆ ಸಮೀಪದ ಮಾದರಿಯ ಅಚ್ಚನ್ನು ಹೊಂದಿಸಿಕೊಳ್ಳುವ ದಾರಿಯೇ ಇಲ್ಲವೆ? ಉಂಟು, ಅದಕ್ಕೊಂದು ಕಟ್ಟುಪಾಡಿದೆ. ಉರುಳೆಯೂ ಕಾವಲು ಬಳೆಯೂ ಸರಿಹೊಂದಿ, ಅಚ್ಚಿನ ನಳಿಗೆ ಮಾತ್ರ ಉದ್ದವಾಗಿದ್ದರೆ ಚಿಂತೆಯಿಲ್ಲ. ಉದ್ದದ ಒರೆಯಲ್ಲಿ ಗಿಡ್ಡ ನಳಿಗೆ ಕೂರುತ್ತದೆ. ಗಿಡ್ಡ ಅಚ್ಚಿನಿಂದ ಉದ್ದ ನಳಿಗೆಗೆ ಒರೆ ಮಾಡಲಾಗದು. ದಪ್ಪದಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸವನ್ನು ಚರ್ಮ ಸಹಿಸಿಕೊಂಡೀತು. ಅದಕ್ಕೂ ಮೀರಿದರೆ ಆ ಅಚ್ಚನ್ನು ಕೈಬಿಡಿ. ಕಡಿಮೆ ಇರುವ ಕಡೆ ತೆಳು ಚರ್ಮದ ಪಟ್ಟಿ ಅಂಟಿಸಿ ದಪ್ಪ ಮಾಡಬಹುದು. ಹೆಚ್ಚಿರುವ ಕಡೆ ಉಜ್ಜಿ ತೆಗೆಯಲು ಮರದ ಅಚ್ಚಾದರೆ ಸುಲಭ.

ಹೀಗೆ ಎಲ್ಲ ದಾರಿಗಳೂ ಮರದ ಕಡೆಗೇ ಬರುತ್ತವೆ. ನಮ್ಮ ಊರುಗಳ ಬಡಗಿಯ ಕೈಗೆ ನಿಲುಕುವ, ಕಡಿಮೆ ಖರ್ಚಿನ, ತಿದ್ದಲು ಬರುವ ಅಚ್ಚು ಅದೇ. ಎಲ್ಲ ಮರವೂ ಆಗದು. ಲಕ್ಕವಳ್ಳಿಯ ತೇಗ ಹೆಸರಾಂತದ್ದು, ನಿಜ. ಆದರೆ ಅದರ ಎಳೆ ಒರಟು, ಸಣ್ಣ ಅಂಚುಗಳು ಚಕ್ಕೆಯೇಳುತ್ತವೆ. ಹಲಸಿನ ಮರದಲ್ಲಿ ಹಳದಿ ಬಣ್ಣವಿದೆ. ಒದ್ದೆ ಚರ್ಮಕ್ಕೆ ಅದು ಇಳಿಯುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರ, ಕೆಲವರು ಹಾಲೆ ಎನ್ನುತ್ತಾರೆ, ಬಿಳಿಯದು, ನಯವಾದ ಎಳೆಯದು, ಚೆನ್ನಾಗಿ ಕೆತ್ತಿಸಿಕೊಳ್ಳುತ್ತದೆ. ಅದಕ್ಕಿಂತ ಗಟ್ಟಿ ಬೇಕಾದರೆ ಅರಿಶಿನ ತೇಗ. ಯಾವುದಾದರೂ ಪೂರ್ತಿ ಒಣಗಿದ್ದಿರಲಿ.

ಉರುಳೆಯನ್ನೂ ನಳಿಗೆಯನ್ನೂ ತಿರುಗಣೆಯಲ್ಲಿ ಕಡೆಸಿ, ಚೌಕಟ್ಟನ್ನು ಹಲಗೆಯಿಂದ ಕೊಯ್ಸಿ, ಸರೇಸಿನಿಂದ ಜೋಡಿಸಬಹುದು. ಮೊಳೆ ಬೇಕಾದಲ್ಲಿ ಹಿತ್ತಾಳೆಯದಿರಲಿ. ಕಬ್ಬಿಣದ ಮೊಳೆಯ ತಲೆ ಒದ್ದೆ ಚರ್ಮಕ್ಕೆ ತಗಲಿದರೆ ಮತ್ತೆ ಅದೇ ಕಪ್ಪು ಚುಕ್ಕೆ. ಕಾವಲು ಬಳೆಯ ಒಳಗಿನ ತೂತನ್ನು ಕೊರೆಯಲೇಬೇಡಿ. ಅದು ತುಂಬಿದ ಮರವಾಗಿಯೇ ಇರಲಿ. ತೂತಿದ್ದರೆ ಚರ್ಮ ಅದರೊಳಕ್ಕೆ ಇಳಿದು, ಮುಂದೆ ನಿಜವಾದ ಟ್ರಿಗರಿಗೆ ಹೋಗಿ ತಗಲುವ ಭಯವುಂಟು. ನಳಿಗೆಯ ಬೆನ್ನಿನ ಮೇಲೆ, ಗುರಿಮೊಳೆ ಇರುವಲ್ಲಿಂದ ಒರೆಯ ಬಾಯಿಯವರೆಗೆ, ಮೊಳೆಗಿಂತ ತುಸು ಎತ್ತರದ ಒಂದು ಕಿರಿಯ ಪಟ್ಟಿಯನ್ನು ಅಂಟಿಸಿ. ಆ ಪಟ್ಟಿ ಚರ್ಮದಲ್ಲಿ ಕಾಲುವೆಯಂತೆ ದಾರಿ ಮಾಡುತ್ತದೆ. ಆಯುಧ ತೆಗೆಯುವಾಗ ಮೊಳೆ ಎಲ್ಲಿಯೂ ಕಚ್ಚುವುದಿಲ್ಲ. ಹಿಡಿಯ ಭಾಗ ಒರೆಯ ಹೊರಗಿರುವುದರಿಂದ ಅದನ್ನು ರಿವಾಲ್ವರಿನ ಹಿಡಿಯಂತೆ ಕೆತ್ತುವ ಅಗತ್ಯವಿಲ್ಲ. ಉದ್ದನೆಯ ಕೋಲಿನಂತೆ ಬಿಟ್ಟರೆ ಎಳೆಯಲು ಅನುಕೂಲ.

ಇಷ್ಟಾದ ಮೇಲೆ ಎಲ್ಲ ಅಂಚುಗಳನ್ನು ಉಜ್ಜುಕಾಗದದಿಂದ ದುಂಡಗೆ ಮಾಡಿ, ಅರಗಿನ ಮೆರುಗನ್ನೋ ವಾರ್ನಿಷನ್ನೋ ಮೂರು ಸಲ ಬಳಿದು ಒಣಗಿಸಿ, ಮೇಲೆ ತೆಳ್ಳಗೆ ಜೇನುಮೇಣ ಸವರಿ. ಮೆರುಗಿಲ್ಲದ ಮರ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ ಅಚ್ಚಿನ ಅಳತೆ ಅಳತೆಯಲ್ಲ. ಬಣ್ಣ ಕೊಡುವುದಾದರೆ ಕಣ್ಣಿಗೆ ಹೊಡೆಯುವ ಕೆಂಪನ್ನೋ ಹಳದಿಯನ್ನೋ ಕೊಡಿ, ಕಪ್ಪನ್ನಲ್ಲ. ತುಂಬಿದ ಬಳೆ, ಕೋಲಿನಂಥ ಹಿಡಿ, ಕೆಂಪು ಬಣ್ಣ ಇವೆಲ್ಲ ಸೇರಿದಾಗ ಅದನ್ನು ಯಾರೂ ನಿಜವಾದ ಆಯುಧವೆಂದು ತಪ್ಪು ತಿಳಿಯುವಂತಿಲ್ಲ. ಒರೆಗೆ ಒಳ್ಳೆಯ ಅಚ್ಚು ಬೆದರಿಸಲು ಬಾರದ ಅಚ್ಚೂ ಆಗಿರುತ್ತದೆ.

ಒಂದೇ ಮಾದರಿಯ ಹತ್ತಾರು ಒರೆಗಳ ಕೆಲಸ ಬಂದರೆ ಮರದ ಅಚ್ಚನ್ನು ಮೂಲವಾಗಿಟ್ಟು ಅಲ್ಯುಮಿನಿಯಮ್ಮಿನಲ್ಲಿ ಎರಕ ಹೊಯ್ಯಿಸಬಹುದು. ತರೀಕೆರೆಯಿಂದ ಶಿವಮೊಗ್ಗ ದೂರವಿಲ್ಲ, ಅಲ್ಲಿ ಎರಕದ ಕಾರ್ಖಾನೆಗಳಿವೆ. ಆದರೆ ಒಂದು ಎಚ್ಚರಿಕೆ. ಎರಕ ಆರುವಾಗ ಲೋಹ ಕುಗ್ಗುತ್ತದೆ; ಅಲ್ಯುಮಿನಿಯಮ್ಮಿಗೆ ನೂರಕ್ಕೆ ಸುಮಾರು 1.3ರಷ್ಟು. 200 ಮಿಲಿಮೀಟರು ಉದ್ದದ ಅಚ್ಚಿನಲ್ಲಿ ಅದು ಎರಡೂವರೆ ಮಿಲಿಮೀಟರು. ಆದುದರಿಂದ ಎರಕದ ಮೂಲವನ್ನು ಅಷ್ಟು ಹಿರಿದಾಗಿಯೇ ಕೆತ್ತಿಸಬೇಕು. ಈಚೆಗೆ ಗಣಕಯಂತ್ರದ ನಕ್ಷೆಯಿಂದ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಕಟ್ಟಿ ಅಚ್ಚು ಮಾಡುವ ಯಂತ್ರಗಳೂ ಬಂದಿವೆ. ಕೆಲಸ ನಯವೇ, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ಕು 60 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಮೆತ್ತಗಾಗುತ್ತದೆ. ಅಂಥ ಅಚ್ಚನ್ನು ಬಿಸಿಲಿಗಿಟ್ಟ ಕಾರಿನಲ್ಲಿ ಮರೆಯಬಾರದು.

ಒತ್ತುವ ಕ್ರಮದ ಬಗ್ಗೆ ನಾಲ್ಕು ಮಾತು ಸಾಕು. ಮೂರು, ಮೂರೂವರೆ ಮಿಲಿಮೀಟರು ದಪ್ಪದ ಚರ್ಮವನ್ನು ಹೊಲಿದಾದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಗುಳ್ಳೆ ಬರುವುದು ನಿಂತೊಡನೆ ತೆಗೆಯಿರಿ. ಕುದಿಯುವ ನೀರು ಬೇಡವೇ ಬೇಡ. ಒಗರಿನ ಚರ್ಮ ಅದರಲ್ಲಿ ಸುಕ್ಕಿ ಕೊರಡಾಗುತ್ತದೆ. ಮೇಲಿನ ನೀರು ಆರಿ ಚರ್ಮದ ಬಣ್ಣ ತಿಳಿಯಾಗತೊಡಗಿದಾಗ ಅಚ್ಚನ್ನಿಟ್ಟು ಹೆಬ್ಬೆರಳಿನಿಂದ, ಬಳಿಕ ನಯವಾದ ಮೂಳೆಯ ಕಡ್ಡಿಯಿಂದ ಒತ್ತಿ. ನೆರಳಿನಲ್ಲಿ ಒಣಗಲಿ. ಮಾರ್ಚಿಯ ಕಡೂರಿನಲ್ಲಿ ಒಂದು ದಿನಕ್ಕೆ ಒಣಗುವುದು ಜುಲೈಯ ತರೀಕೆರೆಯಲ್ಲಿ ನಾಲ್ಕು ದಿನವಾದರೂ ಹಸಿಯಾಗಿರಬಹುದು. ಅವಸರಪಟ್ಟು ಒಲೆಯ ಮುಂದೆ ಇಟ್ಟರೆ ಚರ್ಮ ಬಿರಿಯುತ್ತದೆ. ಗಾಳಿಯಾಡದ ಮೂಲೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಗಾಳಿಯೇ ನಿಮ್ಮ ಒಲೆ.

ಒರೆ ಪೂರ್ತಿ ಒಣಗಿದ ಮೇಲೆ, ಆಗ ಮಾತ್ರ, ಗಿರಾಕಿ ತನ್ನ ಖಾಲಿ ರಿವಾಲ್ವರನ್ನು ತಂದು ತಾನೇ ಇಳಿಸಿ ನೋಡಲಿ. ಒರೆಯನ್ನು ತಲೆಕೆಳಗು ಮಾಡಿದರೆ ಆಯುಧ ತಾನಾಗಿ ಬೀಳಬಾರದು. ಕೈಯಿಂದ ಎಳೆದರೆ ತಡೆಯಿಲ್ಲದೆ ಬರಬೇಕು. ಟ್ರಿಗರಿನ ಕಡೆ ಬೆರಳು ನುಸುಳಬಾರದು. ಈ ಮೂರು ಪರೀಕ್ಷೆಯಲ್ಲಿ ಯಾವುದೊಂದರಲ್ಲಿ ಸೋತರೂ ಆ ಒರೆಯನ್ನು ಕೊಡಬೇಡಿ. ತುಸು ಬಿಗಿಯಿದ್ದರೆ ಮತ್ತೆ ಒದ್ದೆ ಮಾಡಿ, ಅಚ್ಚಿಗೆ ಒಂದು ಸುತ್ತು ಕಾಗದ ಸುತ್ತಿ ಒತ್ತಬಹುದು. ಸಡಿಲವಾದುದಕ್ಕೆ ಮದ್ದಿಲ್ಲ, ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕು.

ಲೈಸನ್ಸುದಾರರಿಗೂ ಒಂದು ಮಾತು ಉಳಿದಿದೆ. ಒರೆ ತೊಡುವುದಕ್ಕೆ, ಇಟ್ಟುಕೊಳ್ಳುವುದಕ್ಕಲ್ಲ. ಚರ್ಮದ ಒಗರಿಗೂ ತೇವಕ್ಕೂ ಉಕ್ಕು ಆಗದೆಂದು ಆಗಲೇ ಹೇಳಿದೆ. ಮನೆಗೆ ಬಂದೊಡನೆ ಆಯುಧವನ್ನು ಒರೆಯಿಂದ ತೆಗೆದು, ಒರಸಿ, ಎಣ್ಣೆ ಸವರಿ, ಬೀಗದೊಳಗಿಡಿ. ಮಲೆನಾಡಿನ ಮಳೆಗಾಲದಲ್ಲಿ ಈ ಮಾತನ್ನು ಎರಡು ಸಲ ನೆನಪಿಟ್ಟುಕೊಳ್ಳಿ.

ಒಂದು ಮರದ ತುಂಡು, ಬಡಗಿಯ ಒಂದು ದಿನದ ಕೆಲಸ, ಅಳತೆ ಬರೆದ ಒಂದು ಹಾಳೆ ಕಾಗದ. ಬದಲಿ ಅಚ್ಚಿಗೆ ಆಗುವ ವೆಚ್ಚ ಇಷ್ಟೆ. ಇದರಿಂದ ಉಳಿಯುವುದು ಗಿರಾಕಿಯ ಆಯುಧ, ಚರ್ಮಕಾರನ ಮಾನ, ಜಗುಲಿಯಲ್ಲಿ ಆಡುವ ಮಕ್ಕಳ ಕ್ಷೇಮ. ಅಚ್ಚನ್ನು ಕೆಲಸ ಮುಗಿಯಿತೆಂದು ಮೂಲೆಗೆ ಎಸೆಯದೆ, ಅಳತೆಯ ಕಾಗದದೊಡನೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ಮುಂದಿನ ಗಿರಾಕಿ ಬಂದು, “ನನ್ನದನ್ನೇ ಬಿಟ್ಟು ಹೋಗಲೆ?” ಎಂದಾಗ, “ಬೇಡ, ಅಳತೆ ಕೊಟ್ಟು ಹೋಗಿ” ಎನ್ನುವ ಧೈರ್ಯ ನಿಮಗಿರುತ್ತದೆ.